ರಸ್ಟ್‌ನಿಂದ ಸಿ ಲೈಬ್ರರಿ ಕರೆಯುವಾಗ ಪಾಯಿಂಟರ್ ಅಪಾಯ ತಪ್ಪಿಸುವುದು ಹೇಗೆ: ತೂಕದ ಯಂತ್ರದ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದಲ್ಲಿ ಸಾಫ್ಟ್‌ವೇರ್ ಕೆಲಸ ಅಂದರೆ ಬರೀ ವೆಬ್‌ಸೈಟ್, ಮೊಬೈಲ್ ಆ್ಯಪ್ ಅಲ್ಲ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್, ತಾರಿಹಾಳದ ಕಾರ್ಖಾನೆಗಳು, ಅಮರಗೋಳದ ಎಪಿಎಂಸಿ, ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ಇಲ್ಲೆಲ್ಲ ಯಂತ್ರದ ಜೊತೆ ಮಾತಾಡುವ ಪ್ರೋಗ್ರಾಂ ಬೇಕು. ಯಂತ್ರ ಮಾರಿದವರು ಸಾಮಾನ್ಯವಾಗಿ ಒಂದು ಸಿ ಲೈಬ್ರರಿ, ಅದರ ಫಂಕ್ಷನ್‌ಗಳ ಪಟ್ಟಿ ಇರುವ ಒಂದು ಹೆಡರ್ ಫೈಲ್, ಕೆಲವೇ ಪುಟದ ಪಿಡಿಎಫ್ ಕೊಟ್ಟು ಹೋಗುತ್ತಾರೆ. ನಾವು ಬರೆಯುವುದು ರಸ್ಟ್, ಸಿ ಶಾರ್ಪ್, ಗೋ, ಪೈಥಾನ್‌ನಂಥ ಸುರಕ್ಷಿತ ಭಾಷೆಯಲ್ಲಿ. ಈ ಎರಡೂ ಸೇರುವ ಜಾಗದಲ್ಲೇ ರಾ ಪಾಯಿಂಟರ್, ಅಂದರೆ ಯಾರ ಕಾವಲೂ ಇಲ್ಲದ ಬರೀ ಮೆಮೊರಿ ವಿಳಾಸ, ಕೈಗೆ ಬರುತ್ತದೆ.

ಈ ಬರಹಕ್ಕೆ ಒಂದೇ ಉದಾಹರಣೆ ಸಾಕು. ದಲಾಲಿ ಅಂಗಡಿಯೊಂದರ ಎಲೆಕ್ಟ್ರಾನಿಕ್ ತೂಕದ ಯಂತ್ರ. ಅದರ ತೂಕ ಓದಿ ಬಿಲ್ ಮಾಡುವ ರಸ್ಟ್ ಪ್ರೋಗ್ರಾಂ. ಸುಗ್ಗಿಯಲ್ಲಿ ಬ್ಯಾಡಗಿಗೆ ಒಂದೇ ದಿನ ಬರುವ ಚೀಲ ಲಕ್ಷ ದಾಟುವುದುಂಟು. ಅಲ್ಲಿ ಪ್ರೋಗ್ರಾಂ ನಿಂತುಹೋದರೆ ಎಲ್ಲರಿಗೂ ಗೊತ್ತಾಗುತ್ತದೆ, ಯಾರೋ ಬಂದು ಸರಿ ಮಾಡುತ್ತಾರೆ. ನಿಲ್ಲದೆ ತಪ್ಪು ತೂಕ ಬರೆದರೆ? ರೈತನ ದುಡ್ಡು ಸದ್ದಿಲ್ಲದೆ ಹೋಗುತ್ತದೆ. ಪಾಯಿಂಟರ್ ತಪ್ಪು ಈ ಎರಡನೇ ರೀತಿಯಲ್ಲೇ ಜಾಸ್ತಿ ಕಾಡುತ್ತದೆ. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅನ್‌ಸೇಫ್ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳಿ

ಸಿ ಭಾಷೆ ಹುಟ್ಟಿದ್ದು 1970ರ ದಶಕದ ಶುರುವಿನಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಅಲ್ಲಿ ಮೆಮೊರಿಯ ಹೊಣೆ ಪೂರ್ತಿ ಬರೆಯುವವರದು. ಅದರ ಬೆಲೆ ಎಷ್ಟು ಅಂತ ಈಗ ಎಲ್ಲರಿಗೂ ಗೊತ್ತಿದೆ. ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ಲೋಪಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಿಸಿದವು ಅಂತ ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. 2020ರಲ್ಲಿ ಕ್ರೋಮ್ ಬ್ರೌಸರ್‌ನ ಮೂಲವಾದ ಕ್ರೋಮಿಯಂನ ತಂಡವೂ ತನ್ನ ಗಂಭೀರ ಭದ್ರತಾ ಲೋಪಗಳ ಬಗ್ಗೆ ಹೆಚ್ಚು ಕಡಿಮೆ ಅದೇ ಅಂಕಿ ಕೊಟ್ಟಿತು. 2014ರ ಹಾರ್ಟ್‌ಬ್ಲೀಡ್ ನೆನಪಿರಬಹುದು. ಎದುರಿನವರು ಹೇಳಿದ ಉದ್ದವನ್ನು ನಂಬಿ, ಇಂಟರ್ನೆಟ್ ಸಂಪರ್ಕ ಭದ್ರಪಡಿಸುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ತನ್ನ ಬಫರ್ ದಾಟಿ 64 ಕೆಬಿವರೆಗೆ ಓದಿ ಕಳಿಸುತ್ತಿತ್ತು. ಉದ್ದ ಪರೀಕ್ಷಿಸುವ ಒಂದು ಸಾಲು ಇರಲಿಲ್ಲ, ಅಷ್ಟೇ.

2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಕಂಡ ರಸ್ಟ್ ಈ ಹೊಣೆಯನ್ನು ಕಂಪೈಲರ್‌ಗೆ ವಹಿಸಿತು. ಮೆಮೊರಿಗೆ ಒಬ್ಬನೇ ಒಡೆಯ. ಎರವಲು ಪಡೆದದ್ದು ಒಡೆಯನಿಗಿಂತ ಜಾಸ್ತಿ ಕಾಲ ಬಾಳುವಂತಿಲ್ಲ. ಒಬ್ಬರು ಬರೆಯುತ್ತಿದ್ದಾಗ ಇನ್ನೊಬ್ಬರು ಓದುವಂತಿಲ್ಲ.

ಅನ್‌ಸೇಫ್ ಬ್ಲಾಕ್, ಅಂದರೆ ಅನ್‌ಸೇಫ್ ಅಂತ ಗುರುತು ಹಾಕಿದ ಕೋಡ್ ತುಣುಕು, ಬರೆದರೆ ಈ ನಿಯಮಗಳು ರದ್ದಾಗುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಎರವಲಿನ ನಿಯಮ ನೋಡುವ ಬಾರೋ ಚೆಕರ್ ಅಲ್ಲೂ ಕೆಲಸ ಮಾಡುತ್ತದೆ. ಅನ್‌ಸೇಫ್ ಒಳಗೆ ನಿಮಗೆ ಹೆಚ್ಚುವರಿಯಾಗಿ ಸಿಗುವುದು ಮುಖ್ಯವಾಗಿ ಐದು ಅವಕಾಶ: ರಾ ಪಾಯಿಂಟರ್ ತೋರಿಸುವ ಜಾಗವನ್ನು ಓದುವುದು ಬರೆಯುವುದು, ಅನ್‌ಸೇಫ್ ಫಂಕ್ಷನ್ ಕರೆಯುವುದು, ಬದಲಾಗುವ ಸ್ಟ್ಯಾಟಿಕ್ ಮುಟ್ಟುವುದು, ಅನ್‌ಸೇಫ್ ಟ್ರೇಟ್ ಅಳವಡಿಸುವುದು, ಯೂನಿಯನ್‌ನ ಫೀಲ್ಡ್ ಓದುವುದು. ನಿಯಮ ಹಾಗೇ ಇರುತ್ತದೆ. ಅದನ್ನು ಪಾಲಿಸಿದ್ದೇವೆ ಅಂತ ಖಾತ್ರಿ ಕೊಡಬೇಕಾದವರು ಬದಲಾಗುತ್ತಾರೆ. ಕಂಪೈಲರ್ ಬದಲು ನೀವು.

ಇನ್ನೊಂದು ಮಾತು. ರಾ ಪಾಯಿಂಟರ್ ತಯಾರಿಸುವುದಕ್ಕೆ ಅನ್‌ಸೇಫ್ ಬೇಕಾಗಿಲ್ಲ. ಅದರ ಮೂಲಕ ಮೆಮೊರಿ ಮುಟ್ಟುವುದಕ್ಕೆ ಮಾತ್ರ ಬೇಕು. ಹಾಗಾಗಿ ತಪ್ಪು ಪಾಯಿಂಟರ್ ಸುರಕ್ಷಿತ ಕೋಡ್‌ನಲ್ಲೇ ಹುಟ್ಟಿ, ಎಲ್ಲೋ ದೂರದ ಅನ್‌ಸೇಫ್ ಸಾಲಿನಲ್ಲಿ ಸ್ಫೋಟಿಸಬಹುದು. ಬಿದ್ದ ಸಾಲನ್ನೇ ದಿಟ್ಟಿಸುತ್ತಾ ಕೂತರೆ ಕಾರಣ ಸಿಗುವುದಿಲ್ಲ.

ಹಂತ 1: ಇದು ಬೇಕೇ ಬೇಕಾ ಅಂತ ಕೇಳಿಕೊಳ್ಳಿ

ತೂಕದ ಯಂತ್ರಗಳಲ್ಲಿ ಬಹಳಷ್ಟಕ್ಕೆ ಹಿಂದೆ ಸೀರಿಯಲ್ ಪೋರ್ಟ್ ಇರುತ್ತದೆ. ತೂಕವನ್ನು ಸಾದಾ ಅಕ್ಷರಗಳ ಸಾಲಾಗಿ ಅದರಲ್ಲಿ ಕಳಿಸುತ್ತಲೇ ಇರುತ್ತವೆ. ಅದನ್ನು ರಸ್ಟ್‌ನಿಂದಲೇ ನೇರ ಓದಬಹುದು. ಸೀರಿಯಲ್‌ಪೋರ್ಟ್ ಅನ್ನುವ ಕ್ರೇಟ್ (ರಸ್ಟ್ ಲೈಬ್ರರಿ) ಇದೆ. ಕಂಪನಿಯ ಲೈಬ್ರರಿ ಬೇಡ, ಪಾಯಿಂಟರ್ ಬೇಡ, ಈ ಬರಹವೂ ಬೇಡ. ಒಂದು ಯುಎಸ್‌ಬಿ-ಸೀರಿಯಲ್ ಕೇಬಲ್ ಹಾಕಿ ಮೊದಲು ಅದನ್ನು ನೋಡಿ.

ಅದು ಆಗದಿದ್ದರೆ ಎರಡನೇ ದಾರಿ. ಲೈಬ್ರರಿಯನ್ನು ಕರೆಯುವ ಚಿಕ್ಕ ಪ್ರೋಗ್ರಾಂ ಬೇರೆ ಪ್ರೋಸೆಸ್ ಆಗಿ ಓಡಲಿ. ಅದು ತೂಕವನ್ನು ಒಂದೊಂದು ಸಾಲಾಗಿ ಬರೆಯಲಿ, ಬಿಲ್ ಮಾಡುವ ಮುಖ್ಯ ಪ್ರೋಗ್ರಾಂ ಆ ಸಾಲನ್ನು ಪೈಪ್ ಮೂಲಕ ಓದಲಿ. ಲೈಬ್ರರಿ ಬಿದ್ದರೆ ಆ ಚಿಕ್ಕ ಪ್ರೋಸೆಸ್ ಮಾತ್ರ ಬೀಳುತ್ತದೆ. ಮುಖ್ಯ ಪ್ರೋಗ್ರಾಂನ ಮೆಮೊರಿಯನ್ನು ಅದು ಕೆಡಿಸಲಾರದು. ವೇಗ ತುಸು ಕಡಿಮೆಯಾಗುತ್ತದೆ ನಿಜ. ಒಂದು ಚೀಲ ತೂಗುವುದಕ್ಕೆ ಹಿಡಿಯುವ ಹೊತ್ತಿನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಇಂಥ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಇದೇ.

ಎರಡೂ ಆಗದು, ಲೈಬ್ರರಿಯನ್ನು ನಮ್ಮ ಪ್ರೋಗ್ರಾಂ ಒಳಗೇ ಕರೆಯಬೇಕು ಅಂತಾದರೆ ಮುಂದೆ ಓದಿ.

ಹಂತ 2: ಕೋಡ್ ಬರೆಯುವ ಮುಂಚೆ ಹೆಡರ್ ಫೈಲ್ ಮುಂದಿಟ್ಟುಕೊಂಡು ಕೂರಿ

ನಮ್ಮ ಉದಾಹರಣೆಯ ಲೈಬ್ರರಿಯಲ್ಲಿ ಐದು ಫಂಕ್ಷನ್ ಇವೆ ಅಂತ ಇಟ್ಟುಕೊಳ್ಳೋಣ. ಯಂತ್ರ ತೆರೆಯುವುದು, ತೂಕ ಓದುವುದು, ಕೊನೆಯ ದೋಷದ ಸಂದೇಶ ಕೊಡುವುದು, ತೂಕ ಬದಲಾದಾಗ ಕರೆಯಬೇಕಾದ ಕಾಲ್‌ಬ್ಯಾಕ್ ನೋಂದಾಯಿಸುವುದು, ಯಂತ್ರ ಮುಚ್ಚುವುದು. ಸಿ ಹೆಡರ್ ನಿಮಗೆ ಪಾಯಿಂಟರ್‌ನ ಟೈಪ್ ಮಾತ್ರ ಹೇಳುತ್ತದೆ. ನಿಮಗೆ ನಿಜವಾಗಿ ಬೇಕಾದ ಮಾಹಿತಿ ಅದರಲ್ಲಿ ಇರುವುದಿಲ್ಲ. ಹಾಗಾಗಿ ಒಂದು ಹಾಳೆ ತೆಗೆದುಕೊಂಡು, ಹೆಡರ್‌ನಲ್ಲಿರುವ ಪ್ರತಿ ಪಾಯಿಂಟರ್‌ಗೂ ಈ ಪ್ರಶ್ನೆ ಕೇಳಿ ಉತ್ತರ ಬರೆಯಿರಿ.

ಈ ಮೆಮೊರಿಯನ್ನು ಪಡೆದವರು ಯಾರು, ನಾವಾ ಲೈಬ್ರರಿಯಾ? ಬಿಡುಗಡೆ ಮಾಡಬೇಕಾದವರು ಯಾರು, ಯಾವ ಫಂಕ್ಷನ್‌ನಿಂದ? ಎಲ್ಲಿಯವರೆಗೆ ಇದು ಜೀವಂತ? ಮುಂದಿನ ಕರೆಯವರೆಗಾ, ಯಂತ್ರ ಮುಚ್ಚುವವರೆಗಾ, ಪ್ರೋಗ್ರಾಂ ಮುಗಿಯುವವರೆಗಾ? ನಲ್, ಅಂದರೆ ಏನನ್ನೂ ತೋರಿಸದ ಪಾಯಿಂಟರ್, ಬರಬಹುದಾ? ಎಷ್ಟು ಬೈಟ್? ಆ ಉದ್ದವನ್ನು ಹೇಳುವವರು ಯಾರು? ಕರೆ ಮುಗಿದ ಮೇಲೂ ಲೈಬ್ರರಿ ಈ ಪಾಯಿಂಟರ್ ಇಟ್ಟುಕೊಳ್ಳುತ್ತದಾ? ಬೇರೆ ಥ್ರೆಡ್‌ನಿಂದ ಮುಟ್ಟುತ್ತದಾ?

ಪಿಡಿಎಫ್‌ನಲ್ಲಿ ಉತ್ತರ ಇಲ್ಲದಿದ್ದರೆ ಯಂತ್ರ ಮಾರಿದವರಿಗೆ ಬರೆದು ಕೇಳಿ. ಫೋನಿನಲ್ಲಿ ಕೇಳಿದ್ದು ಸಾಲದು, ಇಮೇಲ್‌ನಲ್ಲಿ ಉತ್ತರ ಇರಲಿ. ಉತ್ತರವೇ ಬರಲಿಲ್ಲ ಅಂದರೆ ಅತ್ಯಂತ ಕೆಟ್ಟ ಸಾಧ್ಯತೆಯನ್ನು ಹಿಡಿದು ಬರೆಯಿರಿ: ನಲ್ ಬರುತ್ತದೆ, ಮುಂದಿನ ಕರೆಗೆ ಹಳೆಯದು ಸಾಯುತ್ತದೆ, ಲೈಬ್ರರಿ ನಮ್ಮ ಪಾಯಿಂಟರ್ ಇಟ್ಟುಕೊಳ್ಳುತ್ತದೆ, ಒಂದೇ ಥ್ರೆಡ್‌ನಿಂದ ಕರೆಯಬೇಕು. ಈ ಹಾಳೆಯೇ ಮುಂದಿನ ಎಲ್ಲ ಕೆಲಸದ ಆಧಾರ. ಇದನ್ನು ಬಿಟ್ಟು ನೇರ ಕೋಡ್‌ಗೆ ಹೋದವರಿಗೆ ಕಂಪೈಲ್ ಆಗುವ ಕೋಡ್ ಸಿಗುತ್ತದೆ. ಅದು ಸರಿಯಾದ ಕೋಡ್ ಅಂತ ಹೇಳಲಾಗದು. "ಸರ್, ಕಂಪೈಲ್ ಆಗೇತ್ರಿ, ಮತ್ಯಾಕ ಬೀಳಾಕತ್ತೈತಿ?" ಅಂತ ಹೊಸ ಹುಡುಗರು ಕೇಳುವುದು ಇಂಥ ಹೊತ್ತಲ್ಲೇ. ಸಿ ಜೊತೆಗಿನ ಗಡಿಯಲ್ಲಿ ಕಂಪೈಲರ್ ನೀವು ಹೇಳಿದ್ದನ್ನು ನಂಬುತ್ತದೆ. ಅದಕ್ಕೆ ಬೇರೆ ದಾರಿಯೇ ಇಲ್ಲ.

ಹಂತ 3: ಸ್ಟ್ರಕ್ಟ್‌ನ ಅಳತೆ ಹೊಂದಿಸಿ

ತೂಕ ಓದುವ ಫಂಕ್ಷನ್ ಒಂದು ಸ್ಟ್ರಕ್ಟ್, ಅಂದರೆ ಹಲವು ಫೀಲ್ಡ್‌ಗಳ ಕಟ್ಟು, ತುಂಬಿಸಿ ಕೊಡುತ್ತದೆ. ಅದರಲ್ಲಿ ಮೂರು ಫೀಲ್ಡ್: ಒಂದು ಬೈಟ್‌ನ ಸ್ಥಿತಿ, ನಾಲ್ಕು ಬೈಟ್‌ನ ತೂಕ ಗ್ರಾಂನಲ್ಲಿ, ಎರಡು ಬೈಟ್‌ನ ಯೂನಿಟ್ ಸಂಖ್ಯೆ. ಸಿ ಕಂಪೈಲರ್ ಇದನ್ನು ಬರೆದ ಕ್ರಮದಲ್ಲೇ ಇಡುತ್ತದೆ. ಸ್ಥಿತಿ 0ನೇ ಬೈಟ್‌ನಲ್ಲಿ. ನಾಲ್ಕು ಬೈಟ್‌ನ ಸಂಖ್ಯೆ ನಾಲ್ಕರ ಗುಣಕದಲ್ಲೇ ಕೂರಬೇಕು, ಹಾಗಾಗಿ ಮೂರು ಬೈಟ್ ಖಾಲಿ ಬಿಟ್ಟು ತೂಕ 4ನೇ ಬೈಟ್‌ನಿಂದ. ಯೂನಿಟ್ 8ನೇ ಬೈಟ್‌ನಿಂದ, ಕೊನೆಗೆ ಮತ್ತೆ ಎರಡು ಖಾಲಿ. ಒಟ್ಟು 12 ಬೈಟ್.

ಅದೇ ಮೂರು ಫೀಲ್ಡ್‌ಗಳನ್ನು ಅದೇ ಕ್ರಮದಲ್ಲಿ ರಸ್ಟ್‌ನಲ್ಲಿ ಸುಮ್ನೆ ಬರೆದರೆ, ಕ್ರಮ ಬದಲಿಸುವ ಹಕ್ಕು ರಸ್ಟ್ ಕಂಪೈಲರ್‌ಗೆ ಇದೆ. ಜಾಗ ಉಳಿಸಲು ತೂಕವನ್ನು ಮೊದಲು, ಯೂನಿಟ್ ಆಮೇಲೆ, ಸ್ಥಿತಿ ಕೊನೆಗೆ ಇಟ್ಟರೆ 8 ಬೈಟ್‌ನಲ್ಲಿ ಮುಗಿಯುತ್ತದೆ. ವಾಸ್ತವದಲ್ಲಿ ಅದು ಮಾಡುವುದೂ ಹೀಗೇ.

ಈಗ 48 ಕಿಲೋ 350 ಗ್ರಾಂನ ಚೀಲ ಯಂತ್ರದ ಮೇಲೆ ಬಂತು ಅನ್ನಿ. ಸಿ ಲೈಬ್ರರಿ 0ನೇ ಬೈಟ್‌ಗೆ ಸ್ಥಿತಿ 1 ಬರೆಯುತ್ತದೆ, 4ನೇ ಬೈಟ್‌ನಿಂದ 48350 ಬರೆಯುತ್ತದೆ, 8ನೇ ಬೈಟ್‌ನಿಂದ ಯೂನಿಟ್ 2. ರಸ್ಟ್ ತನ್ನ ಲೆಕ್ಕದಲ್ಲಿ ಓದುತ್ತದೆ. 0ಯಿಂದ ತೂಕ: ಖಾಲಿ ಬೈಟ್‌ಗಳು ಸೊನ್ನೆ ಇದ್ದರೆ ಅಲ್ಲಿ ಸಿಗುವುದು 1. ಒಂದು ಗ್ರಾಂ! 4ರಿಂದ ಯೂನಿಟ್: ಅಲ್ಲಿ ಕೂತಿರುವುದು 48350. ಇಷ್ಟೇ ಆಗಿದ್ದರೆ ಪರದೆ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಆದರೆ ರಸ್ಟ್ ಕೊಟ್ಟ ಜಾಗ 8 ಬೈಟ್, ಸಿ ಬರೆದದ್ದು 12ರ ಲೆಕ್ಕದಲ್ಲಿ. ಹೊರಗೆ ಬಿದ್ದ ಬೈಟ್‌ಗಳು ಪಕ್ಕದ ವೇರಿಯಬಲ್ ಮೇಲೆ ಕೂರುತ್ತವೆ. ಪಕ್ಕದಲ್ಲಿದ್ದದ್ದು ಕ್ವಿಂಟಾಲ್ ದರ ಆಗಿದ್ದರೆ ಆ ದರ ಈಗ ಹಾಳು. ದರವನ್ನು ಲೆಕ್ಕ ಹಾಕಿದ ಕೋಡ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ, ಯಾಕೆಂದರೆ ತಪ್ಪು ಅಲ್ಲಿ ಇಲ್ಲವೇ ಇಲ್ಲ.

ಪರಿಹಾರ ಸರಳ. ಸಿ ಜೊತೆ ಹಂಚಿಕೊಳ್ಳುವ ಪ್ರತಿ ಸ್ಟ್ರಕ್ಟ್ ಮೇಲೂ ರೆಪ್ರ್-ಸಿ ಅನ್ನುವ ಗುರುತು ಹಾಕಿ. ಆಗ ರಸ್ಟ್ ಸಿ ಕ್ರಮವನ್ನೇ ಪಾಲಿಸುತ್ತದೆ. ಡಿಕ್ಲರೇಶನ್‌ಗಳನ್ನು ಕೈಯಲ್ಲಿ ಬರೆಯಬೇಡಿ, ಬೈಂಡ್‌ಜೆನ್ ಉಪಕರಣಕ್ಕೆ ಹೆಡರ್ ಕೊಟ್ಟರೆ ಅದೇ ಬರೆದುಕೊಡುತ್ತದೆ. ಅದರ ಮೇಲೆ ಕಂಪೈಲ್ ಹೊತ್ತಿನಲ್ಲೇ ನಡೆಯುವ ಒಂದು ಅಸರ್ಟ್ ಇಡಿ: ಈ ಸ್ಟ್ರಕ್ಟ್ 12 ಬೈಟ್ ಇರಲೇಬೇಕು, ತೂಕ 4ನೇ ಬೈಟ್‌ನಿಂದಲೇ ಶುರುವಾಗಬೇಕು. ಅಳತೆ ತಪ್ಪಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಆದರೆ ಆ 12 ಅನ್ನುವ ಸಂಖ್ಯೆ ಊಹೆಯಿಂದ ಬರಬಾರದು. ಅದೇ ಹೆಡರ್ ಸೇರಿಸಿ, ಲೈಬ್ರರಿ ಯಾವ ಕಂಪೈಲರ್‌ಗೆ ಬಂದಿದೆಯೋ ಅದರಲ್ಲಿ ಸೈಜ್‌ಆಫ್ ಮುದ್ರಿಸುವ ಪುಟ್ಟ ಸಿ ಪ್ರೋಗ್ರಾಂ ಓಡಿಸಿ ನೋಡಿ. ಹೆಡರ್‌ನಲ್ಲಿ ಪ್ಯಾಕ್ ಪ್ರಾಗ್ಮಾ ಇದ್ದರೆ ಖಾಲಿ ಬೈಟ್‌ಗಳೇ ಇಲ್ಲದೆ ಹೋಗಬಹುದು, ಆಗ ಲೆಕ್ಕ ಪೂರ್ತಿ ಬದಲಾಗುತ್ತದೆ.

ಟೈಪ್‌ಗಳ ವಿಷಯದಲ್ಲಿ ಇನ್ನೂ ಮೂರು ಕಡೆ ಎಡವುತ್ತಾರೆ. ಸಿ ಭಾಷೆಯ ಲಾಂಗ್, 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, ವಿಂಡೋಸ್‌ನಲ್ಲಿ 4. ನೇರ 64 ಬಿಟ್ ಸಂಖ್ಯೆ ಅಂತ ಬರೆದುಬಿಟ್ಟರೆ ಆಫೀಸಿನ ಲಿನಕ್ಸ್ ಯಂತ್ರದಲ್ಲಿ ಓಡಿದ್ದು ಅಂಗಡಿಯ ವಿಂಡೋಸ್‌ನಲ್ಲಿ ಕೆಡುತ್ತದೆ. ಸಿ-ಲಾಂಗ್ ಅನ್ನುವ ಟೈಪ್ ಅಲಿಯಾಸ್ ಇರುವುದು ಇದಕ್ಕೇ. ಎರಡನೆಯದು, ರಸ್ಟ್‌ನ ಬೂಲ್‌ನಲ್ಲಿ 0 ಅಥವಾ 1 ಬಿಟ್ಟು ಬೇರೇನೂ ಇರಬಾರದು. ಲೈಬ್ರರಿ 255 ಕಳಿಸಿದರೆ ಅದು ಬರೀ ತಪ್ಪು ಉತ್ತರವಲ್ಲ, ಅನಿರ್ದಿಷ್ಟ ವರ್ತನೆ. ಅಂದರೆ ಆ ಪ್ರೋಗ್ರಾಂ ಏನು ಮಾಡುತ್ತದೆ ಅನ್ನುವುದಕ್ಕೆ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಈನಮ್‌ಗೂ ಇದೇ ಮಾತು. ಸ್ಥಿತಿಯನ್ನು ಸಾದಾ ಸಂಖ್ಯೆಯಾಗಿ ತೆಗೆದುಕೊಳ್ಳಿ, ಪರೀಕ್ಷಿಸಿ, ಆಮೇಲೆ ಈನಮ್‌ಗೆ ಬದಲಿಸಿ. ಮೂರನೆಯದು ಉದ್ದ. ಸಿ ಫಂಕ್ಷನ್ ದೋಷ ಬಂದಾಗ -1 ಕೊಡುವುದು ವಾಡಿಕೆ. ಅದನ್ನು ನೋಡದೆ, 64 ಬಿಟ್ ಯಂತ್ರದಲ್ಲಿ, ಋಣ ಸಂಖ್ಯೆ ಹಿಡಿಯದ ಯುಸೈಜ್‌ಗೆ ಬದಲಿಸಿದರೆ ಅದು 18446744073709551615 ಆಗುತ್ತದೆ. ಆ ಉದ್ದದ ಸ್ಲೈಸ್ (ಸಾಲಾದ ಮೆಮೊರಿಯ ನೋಟ) ಮಾಡಿದರೆ ಮುಂದಿನದು ಹೇಳಬೇಕಾಗಿಲ್ಲ ಅಲ್ವಾ? ಮೊದಲು ಚಿಹ್ನೆ ನೋಡಿ, ಆಮೇಲೆ ಬದಲಿಸಿ.

ಸ್ಟ್ರಕ್ಟ್ ತುಂಬಿಸಲು ಕೊಡುವ ಜಾಗಕ್ಕೆ, ಇನ್ನೂ ತುಂಬದ ಮೆಮೊರಿಗೆಂದೇ ಇರುವ ಮೇಬಿ-ಅನ್‌ಇನಿಟ್ ಬಳಸಿ. ಕರೆ ಯಶಸ್ವಿ ಅಂತ ರಿಟರ್ನ್ ಕೋಡ್ ಹೇಳಿದ ಮೇಲೆ ಮಾತ್ರ ಅದನ್ನು ನಿಜವಾದ ಸ್ಟ್ರಕ್ಟ್ ಅಂತ ಒಪ್ಪಿಕೊಳ್ಳಿ.

ಹಂತ 4: ಪಾಯಿಂಟರ್ ತೋರಿಸುವ ವಸ್ತು ಇನ್ನೂ ಅಲ್ಲೇ ಇದೆಯಾ?

ದುರ್ಗದ ಬೈಲಿನಲ್ಲಿ ಇಂಥ ಗಲ್ಲಿಯ ಮೂರನೇ ಅಂಗಡಿ ಅಂತ ಚೀಟಿ ಬರೆದುಕೊಟ್ಟರು ಅನ್ನಿ. ಅಂಗಡಿ ಬೇರೆ ಕಡೆ ಹೋದ ಮೇಲೂ ಚೀಟಿ ಹಾಗೇ ಇರುತ್ತದೆ. ಪಾಯಿಂಟರ್ ಅಂದರೆ ಆ ಚೀಟಿ, ಅಷ್ಟೇ. ಅಂಗಡಿ ಇದೆಯಾ ಇಲ್ಲವಾ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಸ್ಟ್ರಿಂಗ್‌ನದು. ಯಂತ್ರ ತೆರೆಯುವ ಫಂಕ್ಷನ್‌ಗೆ ಪೋರ್ಟ್‌ನ ಹೆಸರು ಕೊಡಬೇಕು. ಸಿಸ್ಟ್ರಿಂಗ್ (ಸಿಗೆ ಕೊಡಲು ಕೊನೆಗೆ ಸೊನ್ನೆ ಬೈಟ್ ಇರುವ ಸ್ಟ್ರಿಂಗ್) ಒಂದನ್ನು ತಯಾರಿಸಿ, ಅದೇ ಸಾಲಿನಲ್ಲಿ ಅನ್‌ರ‍್ಯಾಪ್ ಮಾಡಿ, ಅದೇ ಸಾಲಿನಲ್ಲಿ ಆಸ್-ಪಿಟಿಆರ್ ಕರೆದು, ಬಂದ ಪಾಯಿಂಟರನ್ನು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಸಿಸ್ಟ್ರಿಂಗ್‌ಗೆ ಹೆಸರೇ ಇಲ್ಲ. ಹಾಗಾಗಿ ಸಾಲು ಮುಗಿದ ತಕ್ಷಣ ಅದು ನಾಶ. ಮುಂದಿನ ಸಾಲಿನಲ್ಲಿ ಲೈಬ್ರರಿಗೆ ಹೋಗುವುದು ಸತ್ತ ವಿಳಾಸ. ಈ ನಮೂನೆಗೆ ಕಂಪೈಲರ್ ಈಗ ಎಚ್ಚರಿಕೆ ಕೊಡುತ್ತದೆ, ಅದನ್ನು ಕಡೆಗಣಿಸಬೇಡಿ. ಸಿಸ್ಟ್ರಿಂಗನ್ನು ಮೊದಲು ಒಂದು ಹೆಸರಿನಲ್ಲಿ ಹಿಡಿದುಕೊಳ್ಳಿ. ಆಮೇಲಿನ ಸಾಲಿನಲ್ಲಿ ಪಾಯಿಂಟರ್ ತೆಗೆಯಿರಿ. ಹೆಸರು ಬದಲಾಗುವುದಿಲ್ಲ ಅಂತಾದರೆ ರಸ್ಟ್ 1.77ರಿಂದ ಬಂದಿರುವ ಸಿ ಸ್ಟ್ರಿಂಗ್ ಲಿಟರಲ್ ಬಳಸಿ. ಅದು ಪ್ರೋಗ್ರಾಂ ಮುಗಿಯುವವರೆಗೂ ಇರುತ್ತದೆ.

ಎರಡನೆಯದು ವೆಕ್ಟರ್. ನಾಲ್ಕು ತೂಕ ಹಿಡಿಯುವ ಸಾಮರ್ಥ್ಯದ ವೆಕ್ಟರ್ ತುಂಬಿದೆ. ಅದರ ಮೊದಲ ಅಂಶಕ್ಕೆ ಪಾಯಿಂಟರ್ ತೆಗೆದು ಲೈಬ್ರರಿಗೆ ಕೊಟ್ಟಿರಿ. ಆಮೇಲೆ ಐದನೇ ತೂಕ ಸೇರಿಸಿದಿರಿ. ವೆಕ್ಟರ್ ಎಂಟಕ್ಕೆ ಬೆಳೆಯುತ್ತದೆ, ಹೊಸ ಜಾಗಕ್ಕೆ ಹೋಗಬಹುದು. ಹೋಗದೇ ಇರಲೂಬಹುದು! ಟೆಸ್ಟ್‌ನಲ್ಲಿ ಪಾಸಾಗಿ ಸುಗ್ಗಿಯಲ್ಲಿ ಬೀಳುವುದು ಈ ಕಾರಣಕ್ಕೇ. ಲೈಬ್ರರಿ ಪಾಯಿಂಟರ್ ಇಟ್ಟುಕೊಂಡಿರುವಷ್ಟು ಕಾಲ ಆ ವೆಕ್ಟರನ್ನು ಯಾರೂ ಬದಲಿಸಬಾರದು. ಅದನ್ನು ಬೆಳೆಯದ ಬಾಕ್ಸ್ ಸ್ಲೈಸ್ ಆಗಿ ಬದಲಿಸಿ, ಖಾಸಗಿ ಫೀಲ್ಡ್‌ನಲ್ಲಿ ಇಡುವುದು ಒಳ್ಳೆಯದು.

ಮೂರನೆಯದು ಲೈಬ್ರರಿ ಕೊಡುವ ಸ್ಟ್ರಿಂಗ್. ದೋಷದ ಸಂದೇಶದ ಪಾಯಿಂಟರ್ ಸಾಮಾನ್ಯವಾಗಿ ಲೈಬ್ರರಿಯ ಒಳಗಿನ ಒಂದೇ ಬಫರ್‌ಗೆ ತೋರಿಸುತ್ತದೆ. ಮುಂದಿನ ಕರೆಗೆ ಅದು ಬದಲಾಗುತ್ತದೆ. ನಲ್ ಅಲ್ಲ ಅಂತ ನೋಡಿ, ತಕ್ಷಣ ನಿಮ್ಮ ಸ್ವಂತ ಸ್ಟ್ರಿಂಗ್‌ಗೆ ನಕಲು ಮಾಡಿಕೊಳ್ಳಿ. ಆ ಪಾಯಿಂಟರನ್ನು ಎಲ್ಲೂ ಇಟ್ಟುಕೊಳ್ಳಬೇಡಿ. ಬಫರ್ ನಿಮ್ಮದೇ ಆಗಿದ್ದು ಲೈಬ್ರರಿ ತುಂಬಿಸಿಕೊಡುವುದಾದರೆ, ಕೊನೆಯಲ್ಲಿ ಸೊನ್ನೆ ಬೈಟ್ ಇಟ್ಟೇ ಇರುತ್ತದೆ ಅಂತ ನಂಬಬೇಡಿ. ಬಫರ್ ಉದ್ದದೊಳಗೇ ಸೊನ್ನೆ ಹುಡುಕುವ ಫ್ರಮ್-ಬೈಟ್ಸ್-ಅನ್‌ಟಿಲ್-ನಲ್ ಇದೆ, ಅದನ್ನು ಬಳಸಿ.

ಹಂತ 5: ಪಡೆದವರೇ ಬಿಡುಗಡೆ ಮಾಡಲಿ

ರಸ್ಟ್ ಪಡೆದ ಮೆಮೊರಿಯನ್ನು ಸಿ ಭಾಷೆಯ ಫ್ರೀಗೆ ಕೊಡಬಾರದು. ಸಿ ಮ್ಯಾಲಕ್ ಮಾಡಿದ್ದನ್ನು ರಸ್ಟ್‌ನ ಬಾಕ್ಸ್‌ಗೆ ಕೊಡಬಾರದು. ಲಿನಕ್ಸ್‌ನಲ್ಲಿ ಕೆಲವೊಮ್ಮೆ ಎರಡೂ ಒಂದೇ ಅಲೋಕೇಟರ್ ಬಳಸುತ್ತವೆ, ಹಾಗಾಗಿ ನಡೆದುಬಿಡುತ್ತದೆ. ನಡೆಯಿತು ಅಂತ ಬಿಡಬೇಡಿ. ವಿಂಡೋಸ್‌ನಲ್ಲಿ ಬೇರೆ ಬೇರೆ ಸಿ ರನ್‌ಟೈಮ್‌ಗೆ ಬೇರೆ ಬೇರೆ ಹೀಪ್ (ಮೆಮೊರಿ ಪಡೆಯುವ ಜಾಗ) ಇರಬಹುದು, ಅಲ್ಲಿ ಇದೇ ಕೋಡ್ ಹೀಪನ್ನೇ ಕೆಡಿಸುತ್ತದೆ.

ಯಂತ್ರ ತೆರೆದಾಗ ಲೈಬ್ರರಿ ಕೊಡುವ ಪಾಯಿಂಟರ್, ಅಂದರೆ ಹ್ಯಾಂಡಲ್‌ಗೆ ಒಂದು ರಸ್ಟ್ ಟೈಪ್ ಮಾಡಿ. ಪಾಯಿಂಟರನ್ನು ನಾನ್‌ನಲ್ ಆಗಿ ಅದರೊಳಗೆ ಇಡಿ. ಮುಚ್ಚುವ ಫಂಕ್ಷನ್ ಕರೆಯುವ ಕೆಲಸವನ್ನು, ವಸ್ತು ನಾಶವಾಗುವಾಗ ತಾನಾಗಿ ಓಡುವ ಡ್ರಾಪ್‌ಗೆ ಕೊಡಿ. ಈ ಟೈಪ್‌ಗೆ ಕ್ಲೋನ್ (ನಕಲು ಮಾಡುವ ಸೌಲಭ್ಯ) ಕೊಡಲೇಬೇಡಿ. ಕೊಟ್ಟರೆ ಒಂದೇ ಹ್ಯಾಂಡಲ್ ಎರಡು ಸಲ ಮುಚ್ಚುತ್ತದೆ. ಇಷ್ಟು ಮಾಡಿದರೆ ಎರಡು ಸಲ ಬಿಡುಗಡೆ ಮಾಡುವ ತಪ್ಪು, ಮುಚ್ಚಿದ ಮೇಲೆ ಬಳಸುವ ತಪ್ಪು, ಎರಡೂ ಮತ್ತೆ ಕಂಪೈಲರ್‌ನ ಸುಪರ್ದಿಗೆ ಹೋಗುತ್ತವೆ.

ಹಂತ 6: ಕಾಲ್‌ಬ್ಯಾಕ್, ಥ್ರೆಡ್, ಪ್ಯಾನಿಕ್

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಭಾಗ ಇದು. ತೂಕ ಬದಲಾದಾಗ ಲೈಬ್ರರಿ ನಮ್ಮ ಫಂಕ್ಷನ್ ಕರೆಯುತ್ತದೆ, ಜೊತೆಗೆ ನಾವು ಮೊದಲೇ ಕೊಟ್ಟ ಒಂದು ವಾಯ್ಡ್ ಪಾಯಿಂಟರ್ ವಾಪಸ್ ಕೊಡುತ್ತದೆ. ಅದರ ಹಿಂದೆ ನಮ್ಮ ಡೇಟಾ ಇರುತ್ತದೆ. ಆ ಡೇಟಾವನ್ನು ಫಂಕ್ಷನ್‌ನ ಲೋಕಲ್ ವೇರಿಯಬಲ್ ಆಗಿ ಇಟ್ಟರೆ ಫಂಕ್ಷನ್ ಮುಗಿದ ಮೇಲೆ ಅದು ಇಲ್ಲ. ಕಾಲ್‌ಬ್ಯಾಕ್ ಮಾತ್ರ ಬರುತ್ತಲೇ ಇರುತ್ತದೆ. ಬಾಕ್ಸ್‌ನಲ್ಲಿ ಇಟ್ಟು ಇಂಟು-ರಾ ಮೂಲಕ ಪಾಯಿಂಟರ್ ತೆಗೆಯಿರಿ. ಮುಚ್ಚುವಾಗ ಕ್ರಮ ತಪ್ಪಬಾರದು. ಮೊದಲು ಕಾಲ್‌ಬ್ಯಾಕ್ ರದ್ದು, ಆಮೇಲೆ ಯಂತ್ರ ಮುಚ್ಚುವುದು, ಎಲ್ಲಕ್ಕೂ ಕೊನೆಗೆ ಫ್ರಮ್-ರಾ ಮೂಲಕ ಡೇಟಾ ಬಿಡುಗಡೆ. ಮುಚ್ಚುವ ಫಂಕ್ಷನ್ ವಾಪಸ್ ಬಂದ ಮೇಲೂ ಕಾಲ್‌ಬ್ಯಾಕ್ ಬರಬಹುದಾ? ಹಂತ 2ರ ಹಾಳೆಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲೇಬೇಕು.

ಕಾಲ್‌ಬ್ಯಾಕ್ ಸಾಮಾನ್ಯವಾಗಿ ಲೈಬ್ರರಿಯ ಸ್ವಂತ ಥ್ರೆಡ್‌ನಿಂದ ಬರುತ್ತದೆ. ಅಲ್ಲಿಂದ ನಿಮ್ಮ ಡೇಟಾಕ್ಕೆ ಬದಲಿಸಬಲ್ಲ ರೆಫರೆನ್ಸ್ ಮಾಡಿಕೊಂಡರೆ, ಅದೇ ಹೊತ್ತಿಗೆ ಮುಖ್ಯ ಥ್ರೆಡ್ ಅದನ್ನು ಓದುತ್ತಿದ್ದರೆ, ಅದು ಅನಿರ್ದಿಷ್ಟ ವರ್ತನೆ. ರೆಫರೆನ್ಸ್ ಇದೆ ಅಂದರೆ ಬೇರೆ ಯಾರೂ ಅದನ್ನು ಬದಲಿಸುತ್ತಿಲ್ಲ ಅಂತ ಕಂಪೈಲರ್ ನಂಬಿ ಆಪ್ಟಿಮೈಸ್ ಮಾಡುತ್ತದೆ. ಕಾಲ್‌ಬ್ಯಾಕ್ ಒಳಗೆ ಒಂದೇ ಕೆಲಸ ಮಾಡಿ: ತೂಕವನ್ನು ಚಾನೆಲ್‌ಗೆ ಹಾಕಿ ವಾಪಸ್ ಬನ್ನಿ. ಲೆಕ್ಕ, ಡೇಟಾಬೇಸ್, ಪ್ರಿಂಟ್ ಎಲ್ಲ ಮುಖ್ಯ ಥ್ರೆಡ್‌ನಲ್ಲಿ.

ರಾ ಪಾಯಿಂಟರ್ ಇರುವ ಟೈಪ್ ತಾನಾಗಿ ಸೆಂಡ್ (ಬೇರೆ ಥ್ರೆಡ್‌ಗೆ ಕಳಿಸಬಹುದಾದದ್ದು) ಆಗುವುದಿಲ್ಲ, ಸಿಂಕ್ (ಥ್ರೆಡ್‌ಗಳು ಹಂಚಿಕೊಳ್ಳಬಹುದಾದದ್ದು) ಆಗುವುದಿಲ್ಲ. ಕಂಪೈಲರ್ ತಕರಾರು ಮಾಡಿದಾಗ ಅದರ ಬಾಯಿ ಮುಚ್ಚಿಸಲು ಅನ್‌ಸೇಫ್ ಇಂಪ್ಲ್ ಸೆಂಡ್ ಅಂತ ಒಂದು ಸಾಲು ಬರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸಾಲು ಈ ಲೈಬ್ರರಿಯನ್ನು ಬೇರೆ ಥ್ರೆಡ್‌ನಿಂದ ಕರೆಯಬಹುದು ಅನ್ನುವ ನಿಮ್ಮ ಪ್ರಮಾಣ. ಮಾರಿದವರು ಬರೆದು ಕೊಡದೆ ಆ ಪ್ರಮಾಣ ಮಾಡುವ ಹಕ್ಕು ನಮಗಿಲ್ಲ.

ಪ್ಯಾನಿಕ್, ಅಂದರೆ ರಸ್ಟ್ ಕೋಡ್ ಮುಂದೆ ಹೋಗಲಾರದೆ ಕೈಬಿಡುವುದು, ಅದರ ಬಗ್ಗೆ ಚಿಕ್ಕದಾಗಿ. ಕಾಲ್‌ಬ್ಯಾಕ್ ಒಳಗಿನ ಪ್ಯಾನಿಕ್ ಸಿ ಕೋಡ್ ದಾಟಿ ಹೋಗಬಾರದು. ರಸ್ಟ್ 1.81ರಿಂದ ಎಕ್ಸ್‌ಟರ್ನ್ ಸಿ ಫಂಕ್ಷನ್ ದಾಟಲು ನೋಡಿದ ಪ್ಯಾನಿಕ್ ಪ್ರೋಗ್ರಾಂ ಅನ್ನೇ ನಿಲ್ಲಿಸುತ್ತದೆ. ನಿಲ್ಲುವುದು ಬೇಡ ಅಂದರೆ ಕ್ಯಾಚ್-ಅನ್‌ವೈಂಡ್‌ನಿಂದ ಒಳಗೇ ಹಿಡಿದು ದೋಷ ಸಂಖ್ಯೆ ವಾಪಸ್ ಕೊಡಿ.

ಹಂತ 7: ಎಲ್ಲವನ್ನೂ ಒಂದು ಮಾಡ್ಯೂಲ್‌ನಲ್ಲಿ ಕಟ್ಟಿಹಾಕಿ

ಅನ್‌ಸೇಫ್ ಸಾಲುಗಳು ಪ್ರಾಜೆಕ್ಟ್ ತುಂಬ ಹರಡಬಾರದು. ಬೈಂಡ್‌ಜೆನ್ ಬರೆದ ಡಿಕ್ಲರೇಶನ್‌ಗಳಿಗೆ ಒಂದು ಕ್ರೇಟ್, ಅದರ ಹೆಸರಿನ ಕೊನೆಗೆ ಸಿಸ್ ಅಂತ ಸೇರಿಸುವುದು ರೂಢಿ. ಅದರ ಮೇಲೆ ಸುರಕ್ಷಿತ ಹೊದಿಕೆಯ ಒಂದು ತೆಳು ಪದರ. ಬಿಲ್ ಮಾಡುವ ಕೋಡ್ ಈ ಪದರವನ್ನು ಮಾತ್ರ ನೋಡಬೇಕು. ಉಳಿದ ಕ್ರೇಟ್‌ಗಳಲ್ಲಿ ಫರ್ಬಿಡ್ ಅನ್‌ಸೇಫ್-ಕೋಡ್ ಹಾಕಿಬಿಡಿ, ಅಲ್ಲಿ ಯಾರಿಗೂ ಅನ್‌ಸೇಫ್ ಬರೆಯಲು ಆಗದು.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಅನ್‌ಸೇಫ್ ಬ್ಲಾಕ್ ಎರಡೇ ಸಾಲು ಇದ್ದರೂ ಅದು ಸರಿಯಾಗಿದೆಯಾ ಅನ್ನುವುದು ಸುತ್ತಲಿನ ಸುರಕ್ಷಿತ ಕೋಡ್ ಮೇಲೆ ನಿಂತಿರುತ್ತದೆ. ಹೊದಿಕೆಯ ಟೈಪ್‌ನಲ್ಲಿ ಪಾಯಿಂಟರ್ ಜೊತೆ ಉದ್ದದ ಫೀಲ್ಡ್ ಇದೆ ಅನ್ನಿ. ಅದೇ ಮಾಡ್ಯೂಲ್‌ನಲ್ಲಿ ಯಾರೋ ಆ ಉದ್ದವನ್ನು 10ರಿಂದ 100 ಮಾಡುವ ಸಾದಾ ಫಂಕ್ಷನ್ ಬರೆಯುತ್ತಾರೆ. ಅದರಲ್ಲಿ ಅನ್‌ಸೇಫ್ ಪದವೇ ಇಲ್ಲ, ರಿವ್ಯೂ ಮಾಡುವವರ ಕಣ್ಣಿಗೂ ಬೀಳುವುದಿಲ್ಲ. ಆದರೆ ಸ್ಲೈಸ್ ಮಾಡುವ ಅನ್‌ಸೇಫ್ ಸಾಲು ಆ ಕ್ಷಣದಿಂದ ತಪ್ಪು. ಹಾಗಾಗಿ ರಿವ್ಯೂ ಮಾಡಬೇಕಾದದ್ದು ಬ್ಲಾಕನ್ನಲ್ಲ, ಇಡೀ ಮಾಡ್ಯೂಲನ್ನು. ಫೀಲ್ಡ್‌ಗಳು ಖಾಸಗಿ ಇರಲಿ, ಮಾಡ್ಯೂಲ್ ಒಂದೇ ಕೂತಲ್ಲಿ ಓದಿ ಮುಗಿಸುವಷ್ಟು ಚಿಕ್ಕದಿರಲಿ.

ಪ್ರತಿ ಅನ್‌ಸೇಫ್ ಬ್ಲಾಕ್ ಮೇಲೆ ಸೇಫ್ಟಿ ಅಂತ ಶುರುವಾಗುವ ಕಾಮೆಂಟ್ ಬರೆಯಿರಿ. "ಇದು ಸುರಕ್ಷಿತ" ಅಂತ ಬರೆದರೆ ಪ್ರಯೋಜನವಿಲ್ಲ. "ಹ್ಯಾಂಡಲ್ ನಲ್ ಅಲ್ಲ ಅಂತ ತೆರೆಯುವಾಗಲೇ ನೋಡಿದ್ದೇವೆ. ಡ್ರಾಪ್ ಬಿಟ್ಟು ಬೇರೆಲ್ಲೂ ಮುಚ್ಚುವುದಿಲ್ಲ. ಬಫರ್ 64 ಬೈಟ್, ಅದೇ ಉದ್ದವನ್ನು ಕಳಿಸಿದ್ದೇವೆ" ಅಂತ ಕಾರಣ ಬರೆಯಿರಿ. ಕನ್ನಡದಲ್ಲೇ ಬರೆದರೂ ಕಂಪೈಲರ್‌ಗೆ ತೊಂದರೆ ಇಲ್ಲ, ತಂಡಕ್ಕೆ ಅರ್ಥವಾದರೆ ಸಾಕು. ಕಾರಣ ಬರೆಯಲು ಹೊಳೆಯದಿದ್ದರೆ ಆ ಬ್ಲಾಕ್ ತಪ್ಪಿರುವ ಸಾಧ್ಯತೆಯೇ ಜಾಸ್ತಿ. ಕಾಮೆಂಟ್ ಇಲ್ಲದ ಬ್ಲಾಕ್ ಹಿಡಿಯಲು ರಸ್ಟ್‌ನ ಕೋಡ್ ಪರೀಕ್ಷಕ ಕ್ಲಿಪ್ಪಿಯಲ್ಲಿ ಅನ್‌ಡಾಕ್ಯುಮೆಂಟೆಡ್-ಅನ್‌ಸೇಫ್-ಬ್ಲಾಕ್ಸ್ ಅನ್ನುವ ಲಿಂಟ್ ಇದೆ. 2025ರ ಫೆಬ್ರುವರಿಯಲ್ಲಿ ರಸ್ಟ್ 1.85 ಜೊತೆ ಬಂದ 2024 ಎಡಿಶನ್‌ನಲ್ಲಿ ಎಕ್ಸ್‌ಟರ್ನ್ ಬ್ಲಾಕನ್ನೂ (ಸಿ ಡಿಕ್ಲರೇಶನ್‌ಗಳ ಜಾಗ) ಅನ್‌ಸೇಫ್ ಅಂತಲೇ ಬರೆಯಬೇಕು. ಡಿಕ್ಲರೇಶನ್ ತಪ್ಪಾದರೂ ಅಪಾಯವೇ ಅನ್ನುವುದನ್ನು ಭಾಷೆಯೇ ಒಪ್ಪಿಕೊಂಡ ಹಾಗಾಯಿತು.

ಹಂತ 8: ಬೀಳಿಸಿ ನೋಡಿ

ಸಾದಾ ಟೆಸ್ಟ್ ಪಾಸಾಯಿತು ಅಂದರೆ ಇಲ್ಲಿ ಅದಕ್ಕೆ ಬೆಲೆ ಕಡಿಮೆ. ಡೀಬಗ್ ಬಿಲ್ಡ್‌ನಲ್ಲಿ ಸರಿ ಇದ್ದದ್ದು ರಿಲೀಸ್‌ನಲ್ಲಿ ಕೆಡಬಹುದು. ಎರಡರಲ್ಲೂ ಓಡಿಸಿ. ರಸ್ಟ್ 1.78ರಿಂದ ಡೀಬಗ್ ಬಿಲ್ಡ್‌ನಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿ ತನ್ನ ಅನ್‌ಸೇಫ್ ಫಂಕ್ಷನ್‌ಗಳ ಕೆಲವು ಷರತ್ತನ್ನು ತಾನೇ ಪರೀಕ್ಷಿಸುತ್ತದೆ. ಉದಾಹರಣೆಗೆ, ಉದ್ದ ಸೊನ್ನೆ ಇದ್ದರೂ ನಲ್‌ನಿಂದ ಸ್ಲೈಸ್ ಮಾಡುವಂತಿಲ್ಲ, ಅದನ್ನು ಇದು ಹಿಡಿಯುತ್ತದೆ.

ಮಿರಿ ಅನ್ನುವ ಉಪಕರಣ ರಸ್ಟ್ ಕೋಡನ್ನು ಒಂದೊಂದೇ ಹೆಜ್ಜೆ ನಡೆಸಿ ಸತ್ತ ಪಾಯಿಂಟರ್, ತಪ್ಪು ಅಲೈನ್‌ಮೆಂಟ್, ಬಾರೋ ನಿಯಮದ ಉಲ್ಲಂಘನೆ ಎಲ್ಲ ಹೇಳುತ್ತದೆ. ಆದರೆ ಯಂತ್ರದ ಸಿ ಲೈಬ್ರರಿಯನ್ನು ಅದರೊಳಗೆ ಓಡಿಸಲಾಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಹಾಗಾಗಿ ಅದೇ ಐದು ಫಂಕ್ಷನ್ ಇರುವ ನಕಲಿ ಲೈಬ್ರರಿಯನ್ನು ರಸ್ಟ್‌ನಲ್ಲೇ ಬರೆದು ಮಿರಿಯಲ್ಲಿ ಓಡಿಸಿ. ನಕಲಿ ಲೈಬ್ರರಿ ಕೆಟ್ಟದಾಗಿ ನಡೆದುಕೊಳ್ಳಲಿ: ನಲ್ ಕೊಡಲಿ, ಉದ್ದಕ್ಕೆ -1 ಕೊಡಲಿ, ಸ್ಥಿತಿಗೆ 255 ಕೊಡಲಿ, ಕೊನೆಯ ಸೊನ್ನೆ ಬೈಟ್ ಮರೆಯಲಿ. ನಿಜವಾದ ಲೈಬ್ರರಿ ಜೊತೆ ಓಡಿಸುವಾಗ ಲಿನಕ್ಸ್‌ನಲ್ಲಿ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಅಥವಾ ವ್ಯಾಲ್‌ಗ್ರೈಂಡ್ ಬಳಸಿ. ಮೊದಲನೆಯದಕ್ಕೆ ಸಾಮಾನ್ಯವಾಗಿ ರಸ್ಟ್‌ನ ನೈಟ್ಲಿ, ಅಂದರೆ ದಿನಾ ಬರುವ ಪ್ರಾಯೋಗಿಕ ಆವೃತ್ತಿ, ಬೇಕು. ಮೂಲ ಕೋಡ್ ಇಲ್ಲದ ಲೈಬ್ರರಿಯ ಒಳಗಿನ ಬರಹವನ್ನೂ ಗಮನಿಸುವುದು ವ್ಯಾಲ್‌ಗ್ರೈಂಡ್‌ನ ಲಾಭ. ನಿಧಾನ, ಆದರೆ ಕಾಯಬಹುದು. ಅದು ಹೀಪ್ ತಪ್ಪುಗಳನ್ನು ಚೆನ್ನಾಗಿ ಹಿಡಿಯುತ್ತದೆ, ಸ್ಟ್ಯಾಕ್ ಮೇಲಿನ ಪಕ್ಕದ ವೇರಿಯಬಲ್ ಹಾಳಾದದ್ದನ್ನು ಸಾಮಾನ್ಯವಾಗಿ ಹಿಡಿಯದು. ಪರೀಕ್ಷೆಯ ಹೊತ್ತಿಗೆ ಆ ಸ್ಟ್ರಕ್ಟನ್ನು ಹೀಪ್ ಮೇಲೆ ಇಡುವ ಬಾಕ್ಸ್‌ನಲ್ಲಿ ಇಟ್ಟು ನೋಡಿ.

ಯಂತ್ರದ ಕೇಬಲನ್ನು ಮಧ್ಯದಲ್ಲೇ ಕಿತ್ತು ನೋಡುವುದನ್ನೂ ಮರೆಯಬೇಡಿ. ದೋಷದ ದಾರಿಯ ಕೋಡ್ ಅಪರೂಪಕ್ಕೆ ಓಡುತ್ತದೆ, ತಪ್ಪುಗಳು ಅಲ್ಲೇ ಉಳಿದಿರುತ್ತವೆ.

ಬೇರೆ ಭಾಷೆಯಲ್ಲಿ ಬರೆಯುವವರಿಗೆ

ಹೆಸರು ಬೇರೆ, ಪ್ರಶ್ನೆ ಅವೇ. ಪೈಥಾನ್‌ನ ಸಿಟೈಪ್ಸ್‌ನಲ್ಲಿ ರೆಸ್‌ಟೈಪ್ ಹೇಳದಿದ್ದರೆ ಫಂಕ್ಷನ್ ಸಾದಾ ಇಂಟ್ ಕೊಡುತ್ತದೆ ಅಂತ ಅದು ಅಂದುಕೊಳ್ಳುತ್ತದೆ. 64 ಬಿಟ್ ಪಾಯಿಂಟರ್ ಅರ್ಧ ಕತ್ತರಿಸಿ ಬರುತ್ತದೆ. ಪ್ರತಿ ಫಂಕ್ಷನ್‌ಗೂ ರೆಸ್‌ಟೈಪ್, ಆರ್ಗ್‌ಟೈಪ್ಸ್ ಎರಡೂ ಬರೆಯಿರಿ. ಸಿ ಶಾರ್ಪ್‌ನಲ್ಲಿ ಗಾರ್ಬೇಜ್ ಕಲೆಕ್ಟರ್ ವಸ್ತುಗಳನ್ನು ಜಾಗ ಬದಲಿಸುತ್ತದೆ. ಫಿಕ್ಸ್ಡ್ ಬ್ಲಾಕ್ ಮುಗಿದ ಮೇಲೆ ಆ ಪಾಯಿಂಟರ್ ಬಳಸಬೇಡಿ, ಹ್ಯಾಂಡಲ್‌ಗೆ ಸೇಫ್‌ಹ್ಯಾಂಡಲ್ ಬಳಸಿ, ಕಾಲ್‌ಬ್ಯಾಕ್‌ಗೆ ಕೊಟ್ಟ ಡೆಲಿಗೇಟನ್ನು ಫೀಲ್ಡ್‌ನಲ್ಲಿ ಹಿಡಿದಿಟ್ಟುಕೊಳ್ಳಿ, ಇಲ್ಲದಿದ್ದರೆ ಕಲೆಕ್ಟರ್ ಅದನ್ನು ಒಯ್ಯುತ್ತದೆ. ಗೋದಲ್ಲಿ ಪಿನ್ ಮಾಡದ ಗೋ ಪಾಯಿಂಟರನ್ನು ಕರೆ ಮುಗಿದ ಮೇಲೆ ಸಿ ಇಟ್ಟುಕೊಳ್ಳುವಂತಿಲ್ಲ. ಜಾವಾದವರು 2024ರ ಮಾರ್ಚ್‌ನಲ್ಲಿ ಬಂದ ಜೆಡಿಕೆ 22ರ ಫಾರಿನ್ ಫಂಕ್ಷನ್ ಅಂಡ್ ಮೆಮೊರಿ ಎಪಿಐ ನೋಡಲಿ. ಅದರಲ್ಲಿ ಮೆಮೊರಿಯ ಗಡಿ ಮತ್ತು ಆಯುಸ್ಸು ಎರಡನ್ನೂ ರನ್‌ಟೈಮ್ ಪರೀಕ್ಷಿಸುತ್ತದೆ.

ಲೈಬ್ರರಿಯ ಹೊಸ ಆವೃತ್ತಿ ಬಂದಾಗ

ಯಂತ್ರ ಮಾರಿದವರು ಹೊಸ ಡಿಎಲ್‌ಎಲ್ ಕಳಿಸಿ "ಹಳೇದರ ಮೇಲೆ ಹಾಕಿಬಿಡಿ" ಅನ್ನುತ್ತಾರೆ. ಹಾಗೆ ಹಾಕಬೇಡಿ. ಹೊಸ ಹೆಡರ್ ಕೇಳಿ ಪಡೆಯಿರಿ, ಹಳೆಯದರ ಜೊತೆ ಡಿಫ್ ಮಾಡಿ, ಬೈಂಡ್‌ಜೆನ್ ಮತ್ತೆ ಓಡಿಸಿ. ಸ್ಟ್ರಕ್ಟ್‌ಗೆ ಒಂದು ಫೀಲ್ಡ್ ಸೇರಿ ಅಳತೆ ಬದಲಾಗಿದ್ದರೆ 12 ಬೈಟ್‌ನ ಅಸರ್ಟ್ ಅಲ್ಲೇ ತಡೆಯುತ್ತದೆ. ಖಾಲಿ ಬೈಟ್‌ನಲ್ಲೇ ಕೂತ ಚಿಕ್ಕ ಫೀಲ್ಡ್ ಅದಕ್ಕೆ ಕಾಣದು, ಅದನ್ನು ಡಿಫ್‌ನಲ್ಲೇ ನೋಡಬೇಕು. ಹೆಡರ್ ಬದಲಾಗದೆ ಒಳಗಿನ ನಡತೆ ಮಾತ್ರ ಬದಲಾಗಿದ್ದರೆ ಅದು ಸಿಗುವುದಿಲ್ಲ. ಹಾಗಾಗಿ ಹಂತ 2ರ ಹಾಳೆಯ ಪ್ರಶ್ನೆಗಳನ್ನು ಮತ್ತೊಮ್ಮೆ ಇಮೇಲ್‌ನಲ್ಲಿ ಕೇಳಿ. ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಯ ಆವೃತ್ತಿ ಸಂಖ್ಯೆ ಓದುವ ಫಂಕ್ಷನ್ ಇದ್ದರೆ ಓದಿ. ನೀವು ಪರೀಕ್ಷಿಸಿದ ಆವೃತ್ತಿ ಅಲ್ಲದಿದ್ದರೆ ತೂಕ ಓದಲು ಶುರುವೇ ಮಾಡಬೇಡಿ. ಪರದೆ ಮೇಲೆ ಕನ್ನಡದಲ್ಲಿ ಸ್ಪಷ್ಟವಾಗಿ ಕಾರಣ ತೋರಿಸಿ ನಿಲ್ಲಿಸಿ, ಅಂಗಡಿಯವರು ಅವತ್ತಿಗೆ ತೂಕ ಕೈಯಲ್ಲಿ ಬರೆದುಕೊಳ್ಳಲಿ.